ಮುಳುಗಡೆಯ ತೊಲೆ, ಮದುವೆಯ ಮಂಚ

2000ದಲ್ಲಿ ಆಲಮಟ್ಟಿಯ 519.6 ಮೀಟರ್ ಎತ್ತರಕ್ಕೆ ಸುಪ್ರೀಂ ಕೋರ್ಟಿನ ಒಪ್ಪಿಗೆ ದೊರೆತ ಕಾಲಕ್ಕೆ, ಬೀಳಗಿ ತಾಲೂಕಿನ ಮುಳುಗಡೆಯ ಊರುಗಳಲ್ಲಿ ಜನರು ಮನೆಗಳನ್ನು ಬಿಚ್ಚಿ ಸಾಗುವಾನಿಯ ತೊಲೆ, ಕಂಬಗಳನ್ನು ಹೊತ್ತೊಯ್ದರು. ಜಮಖಂಡಿಯ ಒಂದು ಶ್ರಾವಕ ಮನೆತನದ ಹಿತ್ತಲಲ್ಲಿಯೂ ಅಂಥ ಎರಡು ತೊಲೆಗಳು ಬಹುಕಾಲ ಬಿದ್ದಿದ್ದವು. ಮಗಳ ಮದುವೆಗೆ ಮಂಚ ಮಾಡಿಸುವಾಗ, ಹಳೆಯ ಕಟ್ಟಿಗೆ ಬೀಗರ ಕಣ್ಣಿಗೆ ಹಗುರವಾಗಿ ಕಂಡೀತೆಂದು ತಂದೆ ಅಂಜಿದರು. ತಾಯಿ ಮಾತ್ರ, "ನಮ್ಮವ್ವ ನನ್ನ ತೊಟ್ಟಿಲಾ ಕಟ್ಟಿದ ತೊಲಿ ಇದು. ಇದು ಇರೂತನಕಾ ಹೊಸಾ ಗಿಡಾ ಯಾಕ ಕಡಸಬೇಕು?" ಎಂದರು.

ಪ್ರಶ್ನೆ ಶಾಸ್ತ್ರಸಮ್ಮತವೇ. ವನಸ್ಪತಿಯು ಏಕೇಂದ್ರಿಯ ಜೀವ. ವ್ಯರ್ಥವಾಗಿ ಅದನ್ನು ಕಡಿಯುವುದನ್ನು ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಅನರ್ಥದಂಡದೊಳಗೆ ಎಣಿಸಿದ್ದಾರೆ.

ಹೆಚ್ಚು ಚರ್ಚೆಯಾದದ್ದು ಪಾಲಿಶಿನ ಬಗ್ಗೆ. ಫ್ರೆಂಚ್ ಪಾಲಿಶಿನ ಮೂಲದ್ರವ್ಯ ಅರಗು. ಅದು ಮರದ ಅಂಟಲ್ಲ, ಟೊಂಗೆಗೆ ಮುತ್ತುವ ಕೀಟದ ಸ್ರಾವ. ಕೆರೆದು ತೆಗೆಯುವಾಗ ಅಸಂಖ್ಯ ಕೀಟಗಳು ಸಾಯುತ್ತವೆ. ಹೇಮಚಂದ್ರಾಚಾರ್ಯರ ಯೋಗಶಾಸ್ತ್ರವು ಶ್ರಾವಕನಿಗೆ ನಿಷಿದ್ಧವಾದ 15 ವೃತ್ತಿಗಳಲ್ಲಿ ಅರಗಿನ ವ್ಯಾಪಾರವನ್ನೂ ಸೇರಿಸಿದೆ. ಮಾರಲು ಒಲ್ಲದ ವಸ್ತುವಿನ ಹೊಳಪಿನ ಮೇಲೆ ಮಲಗುವುದೆಂತು? ಕೊನೆಗೆ ಅಗಸೆ ಎಣ್ಣೆಯನ್ನೇ ತೆಳುವಾಗಿ ಮೂರು ಸಲ ಸವರಿಸಿದರು. ಒಣಗಲು ದಿನಗಳೇ ಹಿಡಿದವು, ಬಡಿಗರು ಗೊಣಗಿದರು. ಹಾಸಿಗೆಗೆ ಬನಹಟ್ಟಿಯ ಹತ್ತಿಬಟ್ಟೆ ಬಂದಿತು.

ತೊಲೆಯ ಹಳೆಯ ಮೊಳೆತೂತುಗಳು ಮಂಚದ ತಲೆಬದಿಯಲ್ಲಿ ಹಾಗೆಯೇ ಉಳಿದಿವೆ. ಬೀಗರು ಬಂದವರು ಮೊದಲು ಕೇಳಿದ್ದು ಅವುಗಳ ಬಗೆಗೇ.