ಓಡದ ಕವಲಿನ ಗುರುತು

ಸಿ ಭಾಷೆಯಲ್ಲಿ ಮೂರು ಆಪರ‍್ಯಾಂಡ್ ಕೇಳುವ ಆಪರೇಟರ್ ಇರುವುದು ಒಂದೇ ಒಂದು. ಕೂಡುವುದಕ್ಕೆ ಎರಡು ಸಾಕು, ಋಣ ಚಿಹ್ನೆಗೆ ಒಂದೇ ಸಾಕು. ಪ್ರಶ್ನೆ ಚಿಹ್ನೆ ಮತ್ತು ಕೋಲನ್ ಸೇರಿ ಆಗುವ ಕಂಡಿಷನಲ್ ಆಪರೇಟರಿಗೆ ಮಾತ್ರ ಮೂರು ಬೇಕು: ಒಂದು ಪ್ರಶ್ನೆ, ಹೌದಾದರೆ ಒಂದು ಉತ್ತರ, ಅಲ್ಲವಾದರೆ ಇನ್ನೊಂದು.

ದೊಡ್ಡದು = (ಅ > ಬ) ? ಅ : ಬ;

ನಮ್ಮ ವಿಭಾಗದಲ್ಲಿ ಮೊದಲ ವರ್ಷದವರ ಲ್ಯಾಬನ್ನು ಪಿಎಚ್.ಡಿ. ವಿದ್ಯಾರ್ಥಿಗಳೇ ನೋಡಿಕೊಳ್ಳುತ್ತೇವೆ. ಪ್ರತಿ ವರ್ಷವೂ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ, "ಇಫ್-ಎಲ್ಸ್ ಇದ್ಯಲ್ಲ ಮೇಡಂ, ಮತ್ತೆ ಇದ್ಯಾಕೆ?" ಇಫ್ ಕೆಲಸ ಮಾಡಿಸುತ್ತದೆ, ಆದರೆ ಅದಕ್ಕೆ ತನ್ನದೇ ಆದ ಬೆಲೆಯಿಲ್ಲ. ಕಂಡಿಷನಲ್ ಆಪರೇಟರ್ ಒಂದು ಬೆಲೆಯನ್ನು ಕೈಗಿಡುತ್ತದೆ. ಹಾಗಾಗಿ ಅದನ್ನು ಪ್ರಿಂಟ್‌ಎಫ್ ಒಳಗೂ ಇಡಬಹುದು, ಕಾನ್ಸ್ಟ್ ಎಂದು ಘೋಷಿಸುವ ಸಾಲಿನಲ್ಲೂ ಇಡಬಹುದು.

ಇದಕ್ಕೆ ಪಠ್ಯಪುಸ್ತಕಗಳು ಕೊಡುವ ಉದಾಹರಣೆ ಇಂಗ್ಲಿಷಿನ ಬಹುವಚನ: ಸಂಖ್ಯೆ ಒಂದಾದರೆ ಸುಮ್ಮನಿರು, ಇಲ್ಲವಾದರೆ 'ಎಸ್' ಅಂಟಿಸು. ಕನ್ನಡಕ್ಕೆ ಇದು ಒಗ್ಗುವುದಿಲ್ಲ. 'ಐದು ಪುಸ್ತಕ' ಎಂದರೆ ನಮಗೆ ಸಾಕು, 'ಗಳು' ಬೇಕೆಂದೇನಿಲ್ಲ. ಜನರನ್ನು ಎಣಿಸುವಾಗ ಮಾತ್ರ ನಮ್ಮ ಭಾಷೆ ಬೇರೆಯೇ ಲೆಕ್ಕ ಹಿಡಿಯುತ್ತದೆ. ಅದನ್ನೇ ಬೋರ್ಡಿನ ಮೇಲೆ ಬರೆಯುತ್ತೇನೆ:

(ನ == 1) ? "ಒಬ್ಬರು" : (ನ == 2) ? "ಇಬ್ಬರು" : (ನ == 3) ? "ಮೂವರು" : "ತುಂಬಾ ಜನ"

ಈ ಆಪರೇಟರ್ ಬಲದಿಂದ ಗುಂಪುಗೂಡುತ್ತದೆ. ಅಂದರೆ ಮೊದಲ ಪ್ರಶ್ನೆಗೆ 'ಅಲ್ಲ' ಎಂಬ ಉತ್ತರ ಬಂದರೆ ಆ ಜಾಗದಲ್ಲಿ ಎರಡನೆಯ ಪ್ರಶ್ನೆ ಕೂತಿರುತ್ತದೆ, ಅದರ 'ಅಲ್ಲ'ದಲ್ಲಿ ಮೂರನೆಯದು. ಕನ್ನಡ ಮಾಧ್ಯಮದಿಂದ ಬಂದು ಹಿಂದಿನ ಬೆಂಚಿನಲ್ಲಿ ಮುದುಡಿ ಕೂತವರು ಆಗ ತಲೆ ಎತ್ತುತ್ತಾರೆ. "ನಾಲ್ವರು, ಐವರು ಬಿಟ್ರಿ ಮೇಡಂ" ಎನ್ನುತ್ತಾರೆ.

ಸಿ ಇದನ್ನು ತಾನೇ ಹುಟ್ಟುಹಾಕಲಿಲ್ಲ. ಆಲ್ಗಾಲ್ 60ರಲ್ಲೇ ಬೆಲೆ ಕೊಡುವ ಇಫ್ ಇತ್ತು. ಕೇಂಬ್ರಿಜ್‌ನ ಮಾರ್ಟಿನ್ ರಿಚರ್ಡ್ಸ್ ಬಿಸಿಪಿಎಲ್‌ನಲ್ಲಿ ಇದನ್ನು ಬಾಣದ ಗುರುತು ಮತ್ತು ಅಲ್ಪವಿರಾಮದಿಂದ ಬರೆದರು. ಪೈಥಾನ್‌ಗೆ ಇಂಥದ್ದೊಂದು ಸಿಕ್ಕಿದ್ದು 2006ರಲ್ಲಿ, 2.5ನೇ ಆವೃತ್ತಿಯಲ್ಲಿ. ಗೋ ಭಾಷೆಯನ್ನು ಕಟ್ಟಿದವರು ಓದಲು ಕಷ್ಟವಾಗುವ ಸಾಲುಗಳು ಹುಟ್ಟುತ್ತವೆಂದು ಬೇಕೆಂದೇ ಕೈಬಿಟ್ಟರು.

ನನ್ನನ್ನು ಹಿಡಿದು ನಿಲ್ಲಿಸುವುದು ಇದರ ಎರಡು ಗುಣ. ಮೊದಲನೆಯದು, ಎರಡು ಕವಲುಗಳಲ್ಲಿ ಓಡುವುದು ಒಂದೇ. (ಜನ != 0) ? ಮೊತ್ತ / ಜನ : 0 ಎಂದು ಬರೆದರೆ, ಜನ ಸೊನ್ನೆಯಾದಾಗ ಭಾಗಾಕಾರ ನಡೆಯುವುದೇ ಇಲ್ಲ. ಎರಡನೆಯದು, ಓಡದ ಕವಲೂ ಗುರುತು ಬಿಟ್ಟಿರುತ್ತದೆ. 1 ? 5 : 2.5 ಎಂದು ಬರೆಯಿರಿ. ಆಯ್ಕೆಯಾಗುವುದು ಯಾವಾಗಲೂ 5. ಆದರೆ ಇಡೀ ಅಭಿವ್ಯಕ್ತಿಯ ಟೈಪ್ ಇಂಟ್ ಅಲ್ಲ, ಡಬಲ್. ಸೈಜ್‌ಆಫ್ ಹಾಕಿ ನೋಡಿದರೆ ನಮ್ಮ ಲ್ಯಾಬಿನ ಯಂತ್ರಗಳಲ್ಲಿ 4ರ ಬದಲು 8 ಬರುತ್ತದೆ. ಎಂದೂ ಓಡದ ಆ ಎರಡೂವರೆ, ಓಡಿದ ಐದರ ಜಾತಿಯನ್ನೇ ಬದಲಿಸಿರುತ್ತದೆ.

ಎಂ.ಟೆಕ್ ಮುಗಿದಾಗ ನನ್ನ ಮುಂದೆ ಬೆಂಗಳೂರಿನ ಒಂದು ಕೆಲಸವಿತ್ತು, ಈ ಸಂಶೋಧನೆಯೂ ಇತ್ತು. ನಾನು ಓದನ್ನು ಆರಿಸಿಕೊಂಡೆ. ಇವತ್ತು ಕೇಳಿದರೂ ಅದನ್ನೇ ಆರಿಸುತ್ತೇನೆ. ಆದರೆ ಸ್ಟೈಪೆಂಡ್ ತಡವಾದ ತಿಂಗಳು, ತಮ್ಮನ ಫೀಸಿಗೆ ಅಪ್ಪ ಸೊಸೈಟಿಯಲ್ಲಿ ಸಾಲ ಎತ್ತಿದ ದಿನ, 'ಕೆಲಸಕ್ಕೆ ಸೇರಿದ್ದರೆ' ಎಂಬ ಕವಲು ನನ್ನ ಲೆಕ್ಕದೊಳಗೆ ಕೂತಿತ್ತು. ಹೀಗಾಗಿ ಬರೆಯುವ ಪ್ರತಿ ಪೇಪರನ್ನೂ 'ಇದು ಆ ಸಂಬಳಕ್ಕೆ ಸಮನಾ?' ಎಂದು ತೂಗುತ್ತೇನೆ. ಆ ತೂಕ ನನ್ನನ್ನು ಸೋಮಾರಿಯಾಗಲು ಬಿಟ್ಟಿಲ್ಲ, ನಿಶ್ಚಿಂತಳಾಗಲೂ ಬಿಟ್ಟಿಲ್ಲ.

ಮೊದಲೆಲ್ಲ ಅಮ್ಮ ಫೋನಿನಲ್ಲಿ "ಇನ್ನೂ ಎಷ್ಟು ವರ್ಷ?" ಎಂದು ಕೇಳುತ್ತಿದ್ದಳು. ಈಗ "ಊಟ ಆಯ್ತಾ?" ಎಂದಷ್ಟೇ ಕೇಳುತ್ತಾಳೆ. ಕೇಳದೆ ಬಿಟ್ಟ ಪ್ರಶ್ನೆಯ ಭಾರ ಆ ದನಿಯಲ್ಲಿ ನನಗೆ ಗೊತ್ತಾಗುತ್ತದೆ. "ಆಯ್ತಮ್ಮ" ಎನ್ನುತ್ತೇನೆ.