ಅವ್ವನ ಪೇಟಿ

ಸೊಲ್ಲಾಪುರದ ಕಡೆಯಿಂದ ಒಂದು ಲೇಖನ ಬೇಕೆಂದು ಈ ವಾರ್ಷಿಕದವರು ಕೇಳಿದಾಗ, ನಾನು ಗಡಿಯ ವಿಚಾರವನ್ನೇ ಬರೆದೇನೆಂದು ಅವರು ಎಣಿಸಿರಬಹುದು. ಬರೆಯಲು ಕಾರಣವೂ ಇದೆ. ಚಂದ್ರಗಿರಿಯ ಉತ್ತರದ ಕಾಸರಗೋಡೂ ನಮ್ಮ ಅಕ್ಕಲಕೋಟೆ ತಾಲೂಕೂ ದಕ್ಷಿಣ ಸೊಲ್ಲಾಪುರ, ಜತ್ತ ತಾಲೂಕುಗಳ ಹಲವು ಹಳ್ಳಿಗಳೂ ಅಂದಿನ ಮೈಸೂರು ರಾಜ್ಯಕ್ಕೆ ಸೇರಬೇಕೆಂದು ಮಹಾಜನ ಆಯೋಗ 1967ರ ವರದಿಯಲ್ಲಿ ಹೇಳಿತ್ತು. ನೀವೂ ಸೇರಲಿಲ್ಲ, ನಾವೂ ಸೇರಲಿಲ್ಲ. ಆ ಮಟ್ಟಿಗೆ ನಾವು ನೀವು ಕಾಗದದ ಮೇಲಿನ ನೆಂಟರು. ಆದರೆ ಆ ಕಥೆಯನ್ನು ನನಗಿಂತ ಚೆನ್ನಾಗಿ ಬಲ್ಲವರು ನಿಮ್ಮಲ್ಲೇ ಇದ್ದಾರೆ. ನಾನು ಹೇಳಹೊರಟಿರುವುದು ನಮ್ಮ ಮನೆಯ ಒಂದು ಹಾರ್ಮೋನಿಯಂ, ಅದನ್ನು ನುಡಿಸುತ್ತಿದ್ದ ನನ್ನ ಅವ್ವ, ಮತ್ತು ನನ್ನ ಮಗ ಹಚ್ಚಿಕೊಂಡಿದ್ದ ಒಂದು ಬಗೆಯ ಇಂಗ್ಲಿಷ್ ಸಂಗೀತ, ಇವುಗಳ ವಿಚಾರ. ಮೂರಕ್ಕೂ ಏನು ಸಂಬಂಧವೆಂದು ನನಗೂ ಬಹುಕಾಲ ತಿಳಿದಿರಲಿಲ್ಲ.

ಅವ್ವನ ತವರು ಗದಗಿನ ಬೆಟಗೇರಿ. ಬಾಸೆಲ್ ಮಿಶನ್ನಿನ ಹಳೆಯ ಠಾಣೆಗಳಲ್ಲಿ ಅದೂ ಒಂದು. ಮಿಶನ್ನಿನವರು 1834ರಲ್ಲಿ ಮಂಗಳೂರಿಗೆ ಬಂದಿಳಿದು ಕೆಲವೇ ವರ್ಷಗಳಲ್ಲಿ ಧಾರವಾಡ, ಹುಬ್ಬಳ್ಳಿ, ಬೆಟಗೇರಿಗಳವರೆಗೆ ಬಂದಿದ್ದರು. ಅವರ ಜೊತೆ ಜರ್ಮನ್ ರಾಗಗಳೂ ಬಂದವು. ಅವುಗಳಿಗೆ ಕನ್ನಡ ಮಾತು ಹೊಂದಿಸಿ ಸಂಗೀತಗಳಾದವು. ನಮ್ಮ ಮನೆಗಳಲ್ಲಿ ದೇವಾಲಯದ ಹಾಡಿಗೆ ‘ಸಂಗೀತ’ ಎಂದೇ ಹೆಸರು. ಅದೇ ಮಿಶನ್ನಿನ ಕಿಟೆಲ್ ಸಾಹೇಬರು ಮಾತ್ರ ಬೇರೆ ದಾರಿ ಹಿಡಿದರು. ಯೇಸುವಿನ ಚರಿತ್ರೆಯನ್ನು ಕನ್ನಡದ ಛಂದಸ್ಸಿನಲ್ಲೇ ಕಟ್ಟಿ 1862ರಲ್ಲಿ ‘ಕಥಾಮಾಲೆ’ ಎಂದು ಅಚ್ಚು ಹಾಕಿಸಿದರು. ನಿಘಂಟಿನ ಕಿಟೆಲ್ಲರನ್ನು ಎಲ್ಲರೂ ನೆನೆಯುತ್ತಾರೆ, ಈ ಕಿಟೆಲ್ಲರನ್ನು ನೆನೆಯುವವರು ಕಡಿಮೆ.

ಅವ್ವ ಮದುವೆಯಾಗಿ ಸೊಲ್ಲಾಪುರಕ್ಕೆ ಬಂದಳು. ಅಪ್ಪ ಬಟ್ಟೆ ಗಿರಣಿಯಲ್ಲಿದ್ದ. ಇಲ್ಲಿಯ ಸಭೆಗಳು ಅಮೇರಿಕನ್ ಮರಾಠಿ ಮಿಶನ್ನಿನಿಂದ ಬೆಳೆದವು. ಹೀಗಾಗಿ ಆರಾಧನೆ ಮರಾಠಿ, ಉಪದೇಶ ಮರಾಠಿ, ಹಾಡಿನ ಪುಸ್ತಕ ‘ಉಪಾಸನಾ ಸಂಗೀತ’. ಆ ಪುಸ್ತಕದ ಜೀವಾಳವೇ ನಾರಾಯಣ ವಾಮನ ಟಿಳಕರ ಹಾಡುಗಳು. ಬ್ರಾಹ್ಮಣ ಕುಲದಲ್ಲಿ ಹುಟ್ಟಿ 1895ರಲ್ಲಿ ಸ್ನಾನದೀಕ್ಷೆ ಪಡೆದು ಅಹಮದನಗರದಲ್ಲಿ ಸೇವೆ ಮಾಡಿದ ಈ ಕವಿ, ತಾನು ತುಕಾರಾಮನ ಸೇತುವೆ ದಾಟಿಯೇ ಕ್ರಿಸ್ತನ ಬಳಿ ಬಂದದ್ದೆಂದು ಹೇಳಿಕೊಂಡವರು. ಅಭಂಗದ ಧಾಟಿಯನ್ನೇ ದೇವಾಲಯದೊಳಗೆ ತಂದರು. ಅವ್ವನಿಗೆ ಮರಾಠಿ ಬೇಗ ಬಂತು, ಟಿಳಕರ ಹಾಡುಗಳೂ ಬಂದವು. ಆದರೆ ಭಾನುವಾರ ಮನೆಗೆ ಬಂದು ಅನ್ನಕ್ಕಿಟ್ಟ ಮೇಲೆ ಪೇಟಿ ತೆಗೆದು, ಸಣ್ಣ ದನಿಯಲ್ಲಿ ಬೆಟಗೇರಿಯ ಒಂದು ಕನ್ನಡ ಸಂಗೀತ ಹಾಡಿಕೊಳ್ಳದೆ ಅವಳು ಉಂಡದ್ದಿಲ್ಲ. “ಅಲ್ಲಿ ಹಾಡಿದ್ದು ಸಭೆಗಾತು. ಇದು ನನಗ” ಎನ್ನುತ್ತಿದ್ದಳು.

ನಾನು ಅಕ್ಕಲಕೋಟೆ ತಾಲೂಕಿನಲ್ಲಿ ಕನ್ನಡ ಶಾಲೆಯ ಮಾಸ್ತರನಾದೆ. ಊರಿನಲ್ಲೇ ಮನೆ ಮಾಡಿದ್ದೆವು. ಅಪ್ಪ ತೀರಿದ ಮೇಲೆ ಅವ್ವನೂ ಪೇಟಿಯ ಸಮೇತ ನಮ್ಮಲ್ಲಿಗೇ ಬಂದಳು. ಅಕ್ಕಲಕೋಟೆಯೆಂದರೆ ಸ್ವಾಮಿ ಸಮರ್ಥರ ಊರು. ಅವರು 1878ರಲ್ಲಿ ದೇಹಬಿಟ್ಟರು. ವಟವೃಕ್ಷದ ಗುಡಿಗೆ ಗುರುವಾರ ಬಂತೆಂದರೆ ಎಲ್ಲೆಲ್ಲಿಂದಲೋ ಜನ. ನಮ್ಮ ಓಣಿಯಲ್ಲೂ ಒಂದು ಭಜನಾ ಮಂಡಳಿ ಇತ್ತು. ಮರಾಠಿ ಅಭಂಗ ಮುಗಿದ ಮೇಲೆ ಕಡಕೋಳ ಮಡಿವಾಳಪ್ಪನವರ ಕನ್ನಡ ತತ್ತ್ವಪದ ಶುರುವಾಗುತ್ತಿತ್ತು. ಯಾರೂ ಇದಾವ ಭಾಷೆ ಎಂದು ಕೇಳುತ್ತಿರಲಿಲ್ಲ. ಒಂದು ಗುರುವಾರ ಅವರ ಪೇಟಿಯವನಿಗೆ ಜ್ವರ. ಹಿರಿಯರೊಬ್ಬರು ಬಾಗಿಲಿಗೆ ಬಂದು, “ಗುರುಗಳ, ನಿಮ್ಮ ಮನ್ಯಾಗ ಪೇಟಿ ದನಿ ಕೇಳತದ. ಇವತ್ತೊಂದ ದಿವಸ ನೀವ ಹಿಡೀಬೇಕು ನೋಡ್ರಿ” ಎಂದರು.

ಹೋದೆ. ಹಾಡಿನ ಹಿಂದೆ ಹೇಗೋ ನಡೆದೆ. ಆದರೆ ಎರಡು ನುಡಿಗಳ ನಡುವೆ ಹಾಡುವವರು ಉಸಿರು ತೆಗೆದುಕೊಳ್ಳುವಾಗ ಪೇಟಿ ಸುಮ್ಮನಿರಬಾರದಲ್ಲ! ಕೈಗೆ ಬಂದದ್ದು ಅವ್ವನ ಜರ್ಮನ್ ರಾಗವೇ. ತಬಲಾದವನು ಒಂದು ಗಳಿಗೆ ತಡವರಿಸಿ ಆಮೇಲೆ ಹಿಡಿದುಕೊಂಡ. ಮುಗಿದ ಮೇಲೆ ಆ ಹಿರಿಯರು, “ಭಾಳ ಚಲೋ ಇತ್ತರಿ, ಯಾವ ರಾಗ ಅದು?” ಎಂದು ಕೇಳಿದರು. ನನಗೆ ಹೇಳಲು ಬಾಯಿ ಬರಲಿಲ್ಲ. ಮನೆಗೆ ಬಂದರೆ ಅವ್ವ ಮಾತಾಡಲಿಲ್ಲ. ಗುಡಿಯ ಭಜನೆಗೆ ಹೋದದ್ದು ಅವಳಿಗೆ ಸಿಟ್ಟಲ್ಲ. ಅವಳ ಸಂಗೀತವನ್ನು ಮಾತು ಬಿಟ್ಟು ಬರೀ ರಾಗ ಮಾಡಿ ನುಡಿಸಿದ್ದಕ್ಕೆ ಸಿಟ್ಟು. “ಮಾತ ತಗದ್ರ ಉಳೀತೇನಪಾ?” ಎಂದಳು, ಎರಡು ದಿನದ ನಂತರ.

ಈಗ ಮಗನ ವಿಚಾರ. 2003ರಲ್ಲಿ ಇಂಜಿನಿಯರಿಂಗ್ ಓದಲು ಪುಣೆಗೆ ಹೋದ. ರಜೆಗೆ ಬಂದಾಗಲೆಲ್ಲ ಕಿವಿಗೆ ತಂತಿ. ‘ಪ್ರೊಗ್ರೆಸಿವ್ ರಾಕ್’ ಎಂದ. ಒಂದೊಂದು ಹಾಡು ಇಪ್ಪತ್ತು ನಿಮಿಷ, ನಡುನಡುವೆ ತಾಳ ಬದಲಾಗುತ್ತದೆ, ಕಥೆ ಬೆಳೆಯುತ್ತದೆ, ಕೀಬೋರ್ಡಿನವನದೇ ಕಾರಭಾರು. ಪಾರ್ತಿಸುಬ್ಬನ ಕುಂಬಳೆಯ ಕಡೆಯವರಾದ ನಿಮಗೆ ಇದರಲ್ಲಿ ಆಶ್ಚರ್ಯವೇನೂ ಇರಲಾರದು. ರಾತ್ರಿಯಿಡೀ ತಾಳ ಬದಲಿಸಿ ಕಥೆ ನಡೆಸುವ ಭಾಗವತರನ್ನು ಕಂಡವರು ನೀವು. ನನಗೆ ಮಾತ್ರ ಅದು ಬರೀ ಗದ್ದಲವಾಗಿ ಕೇಳಿತು.

2005ರ ನಾತಾಳಕ್ಕೆ (ಕ್ರಿಸ್ಮಸ್ಸಿಗೆ ನಮ್ಮ ಕಡೆ ಬಾಯಿಗೆ ಬರುವುದು ಈ ಮರಾಠಿ ಮಾತೇ) ಅವನು ಆರಾಧನೆಗೆ ಬರಲಿಲ್ಲ. ಕರ್ತನ ಭೋಜನಕ್ಕೂ ಏಳಲಿಲ್ಲ. “ಅಪ್ಪಾ, ಅಲ್ಲಿ ಕೂತ್ರ ನನಗ ಏನೂ ಅನಸೂದಿಲ್ಲ. ಇದನ್ನ ಕೇಳಿದ್ರ ಅನಸ್ತದ” ಎಂದು ಕಿವಿಯ ತಂತಿ ತೋರಿಸಿದ. ನಾನು ಆಡಬಾರದ ಮಾತು ಆಡಿದೆ. ನಿನ್ನ ಹಾಡಿನ ಪೆಟ್ಟಿಗೆಯನ್ನೇ ಪೂಜೆ ಮಾಡು ಎಂದೆ. ಆ ವರ್ಷದ ಹೋಳಿಗೆಯನ್ನು ಮನೆಯಲ್ಲಿ ಯಾರೂ ಸರಿಯಾಗಿ ತಿನ್ನಲಿಲ್ಲ.

ಮಧ್ಯೆ ಬಂದವಳು ಅವ್ವ. ಮೊಮ್ಮಗನಿಗೆ ಅವಳು ‘ಆಯಿ’. ಮರಾಠಿಯವರಿಗೆ ಆಯಿ ಎಂದರೆ ತಾಯಿ, ನಮಗೆ ಅಜ್ಜಿ. ಚಿಕ್ಕಂದಿನಲ್ಲಿ ಅವನ ಗೆಳೆಯರಿಗೆ ಇದೊಂದು ಒಗಟಾಗಿತ್ತು. “ಏನ ಕೇಳ್ತಿ ತಾ ಇಲ್ಲಿ” ಎಂದು ಒಂದು ತಂತಿ ತನ್ನ ಕಿವಿಗೆ ಸಿಕ್ಕಿಸಿಕೊಂಡಳು. ನಾನು ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ಹತ್ತು ನಿಮಿಷ ಅಲುಗಲಿಲ್ಲ. ಆಮೇಲೆ ನನ್ನ ಕಡೆ ತಿರುಗಿ, “ಇದರಾಗ ದೇವಾಲಯದ ಪೇಟಿ ಅದನೋ” ಎಂದಳು.

ಅವಳ ಕಿವಿ ಸುಳ್ಳು ಹೇಳಿರಲಿಲ್ಲ. ಆ ದಿನ ಕೇಳಿದ್ದು ಜೆನೆಸಿಸ್ ಎಂಬ ಇಂಗ್ಲಿಷ್ ಗುಂಪಿನ ‘ಸಪರ್ಸ್ ರೆಡಿ’, 1972ರದು, ಸುಮಾರು ಇಪ್ಪತ್ಮೂರು ನಿಮಿಷ. ಗುಂಪಿನ ಹೆಸರೇ ಆದಿಕಾಂಡ. ಅದನ್ನು ಕಟ್ಟಿದವರು ಚಾರ್ಟರ್‌ಹೌಸ್ ಎಂಬ ಹಳೆಯ ವಸತಿಶಾಲೆಯಲ್ಲಿ ದಿನವೂ ಪ್ರಾರ್ಥನಾಮಂದಿರದ ಹಾಡು ಹಾಡಿ ಬೆಳೆದ ಹುಡುಗರು. 1969ರ ಅವರ ಮೊದಲ ರೆಕಾರ್ಡಿನ ಹೆಸರು ‘ಆದಿಕಾಂಡದಿಂದ ಪ್ರಕಟನೆಯವರೆಗೆ’ ಎಂಬ ಅರ್ಥದ್ದು. ಅಂಗಡಿಯವರು ಅದನ್ನು ಭಕ್ತಿಗೀತೆಗಳ ಸಾಲಿನಲ್ಲಿ ಇಟ್ಟುಬಿಟ್ಟರಂತೆ, ಹಾಗಾಗಿ ಕೊಳ್ಳುವವರೇ ಇಲ್ಲ! ‘ಸಪರ್ಸ್ ರೆಡಿ’ಯ ಕೊನೆಯ ಭಾಗ ಪ್ರಕಟನೆಯ ಪುಸ್ತಕದ ಮೃಗ, ತುತೂರಿ, ಹೊಸ ಯೆರೂಸಲೇಮುಗಳಿಂದಲೇ ತುಂಬಿದೆ. ಅಲ್ಲೊಂದು ಕಡೆ ಮದ್ದಲೆ, ಗಿಟಾರುಗಳು ಒಂಬತ್ತರ ಎಣಿಕೆಯಲ್ಲಿ ಸುತ್ತುತ್ತಿರುತ್ತವೆ, ಆರ್ಗನ್ ಮಾತ್ರ ಆ ಎಣಿಕೆಗೆ ಸಿಕ್ಕದೆ ತನ್ನ ದಾರಿಯಲ್ಲಿ ಏರುತ್ತದೆ. ಅವ್ವ ಗುರುತು ಹಿಡಿದದ್ದು ಆ ಆರ್ಗನ್ನನ್ನು.

ಆಮೇಲೆ ಮಗನೇ ಹುಮ್ಮಸ್ಸಿನಿಂದ ವಿವರಿಸಿದ. ಈ ಹಾಡುಗಳ ಹ್ಯಾಮಂಡ್ ಆರ್ಗನ್ 1935ರಲ್ಲಿ ಅಮೇರಿಕದಲ್ಲಿ ಬಂತು. ದೊಡ್ಡ ಕೊಳವೆ ಆರ್ಗನ್ ಕೊಳ್ಳಲಾಗದ ದೇವಾಲಯಗಳಿಗೆ ಅಗ್ಗದ ಬದಲಿಯಾಗಿ ಮಾರಿದರು. ಅಲ್ಲಿಂದ ಜಾಝಿನವರು ಒಯ್ದರು, ಅವರ ಹಿಂದೆ ರಾಕಿನವರು. ಕೀತ್ ಎಮರ್ಸನ್ ಎಂಬಾತ ರಂಗದ ಮೇಲೆ ಅದರ ಮನೆಗಳ ನಡುವೆ ಚೂರಿ ಚುಚ್ಚಿ ಸ್ವರ ಹಿಡಿದು ನಿಲ್ಲಿಸುತ್ತಿದ್ದನಂತೆ. ಇದನ್ನು ಕೇಳಿ ಅವ್ವ, “ಅಯ್ಯೋ ಹುಚ್ಚಪ್ಪ” ಎಂದು ನಕ್ಕಳು. ‘ಯೆಸ್’ ಎಂಬ ಗುಂಪಿನ ರಿಕ್ ವೇಕ್‌ಮನ್ 1977ರ ರೆಕಾರ್ಡಿಗಾಗಿ ಸ್ವಿಟ್ಜರ್ಲೆಂಡಿನ ವೆವೆ ಊರಿನ ದೇವಾಲಯದ ಆರ್ಗನ್ನಿನ ಮುಂದೆ ಕುಳಿತು ನುಡಿಸಿದ. ಉಳಿದವರು ಮೊಂತ್ರೋ ಊರಿನ ಸ್ಟುಡಿಯೋದಲ್ಲಿ. ನಡುವೆ ದನಿ ಹರಿದದ್ದು ಟೆಲಿಫೋನ್ ತಂತಿಯಲ್ಲಿ. ಸ್ವಿಟ್ಜರ್ಲೆಂಡ್ ಎಂದೊಡನೆ ಅವ್ವ, “ಬಾಸೆಲ್ ಅಲ್ಲೇ ಅಲ್ಲೇನ?” ಎಂದಳು. ನಮ್ಮ ಹಾರ್ಮೋನಿಯಮ್ಮಿನ ಕಥೆಯೂ ಅಂಥದೇ. ಪ್ಯಾರಿಸ್ಸಿನಲ್ಲಿ ಹುಟ್ಟಿ ಮಿಶನರಿಗಳ ಜೊತೆ ಕಾಲಿನಿಂದ ಒತ್ತುವ ಪೆಟ್ಟಿಗೆಯಾಗಿ ಬಂತು, ಕಲಕತ್ತೆಯ ದ್ವಾರಕಾನಾಥ ಘೋಷರು 1875ರ ಸುಮಾರಿಗೆ ಅದನ್ನು ನೆಲದ ಮೇಲೆ ಕುಳಿತು ಕೈಯಿಂದ ಒತ್ತುವಂತೆ ಮಾಡಿದರು. ಅಲ್ಲಿಂದ ನಾಟಕ, ಭಜನೆ, ಎಲ್ಲ ಕಡೆ. ಆಕಾಶವಾಣಿಯವರು ಮಾತ್ರ ಇದು ಪರದೇಶದ್ದೆಂದು 1940ರಿಂದ 1971ರವರೆಗೆ ಹೊರಗಿಟ್ಟಿದ್ದರು. ಅಕ್ಕಲಕೋಟೆಯ ಭಜನೆಯವರನ್ನು ಯಾರೂ ಕೇಳಿರಲಿಲ್ಲವೆಂದು ಕಾಣುತ್ತದೆ.

ನನ್ನನ್ನು ಒಲಿಸಲು ಮಗ ಇನ್ನೂ ಕೆಲವನ್ನು ತಂದ. ಕ್ಯಾನ್ಸಾಸ್ ಗುಂಪಿನ ಕೆರಿ ಲಿವ್‌ಗ್ರೆನ್ 1979ರಲ್ಲಿ ಕ್ರಿಸ್ತನನ್ನು ನಂಬಿದರು. ಮುಂದೆ ಹಾಡಿನ ಮಾತುಗಳು ನಂಬಿಕೆಯ ಕಡೆ ತಿರುಗಿದ್ದು ಸರಿಬಾರದೆ ಗಾಯಕ ಸ್ಟೀವ್ ವಾಲ್ಶ್ 1981ರಲ್ಲಿ ಗುಂಪು ಬಿಟ್ಟರು. ಅದೇ ಗುಂಪಿನ ಡೇವ್ ಹೋಪ್ ಕೊನೆಗೆ ಪಾದ್ರಿಯೇ ಆದರು. ಇನ್ನು ನೀಲ್ ಮೋರ್ಸ್. 2002ರಲ್ಲಿ ತನ್ನ ಗುಂಪು ಚೆನ್ನಾಗಿ ನಡೆಯುತ್ತಿದ್ದಾಗಲೇ ನಂಬಿಕೆಯ ಕಾರಣದಿಂದ ಹೊರಬಂದು, ಮರುವರ್ಷ ‘ಟೆಸ್ಟಿಮನಿ’ ಎಂದು ತನ್ನ ಸಾಕ್ಷಿಯನ್ನು ಎರಡು ತಟ್ಟೆಗಳಷ್ಟು ಉದ್ದ ಹಾಡಿದರು. 2007ರಲ್ಲಿ ಮಾರ್ಟಿನ್ ಲೂಥರನ ಮೇಲೂ ಒಂದು ಮಾಡಿದರು. “ಅಪ್ಪಾ, ಇವರು ನಮ್ಮವರೇ” ಎಂದ ಮಗ. ಕೇಳಿದೆ. ನಿಜ ಹೇಳಬೇಕೆಂದರೆ, ಮೂವತ್ತು ವರ್ಷ ಪಾಠ ಹೇಳಿದವನಿಗೆ ಉಪದೇಶ ಬೇಗ ಗುರುತು ಸಿಗುತ್ತದೆ. ಆತನ ಭಕ್ತಿಯ ಬಗ್ಗೆ ನನಗೆ ಸಂಶಯವಿಲ್ಲ. ಆದರೆ ಲಿವ್‌ಗ್ರೆನ್ ಇನ್ನೂ ಹುಡುಕುತ್ತಿದ್ದಾಗ, 1977ರಲ್ಲಿ ಬರೆದ ‘ಡಸ್ಟ್ ಇನ್ ದ ವಿಂಡ್’ ನನ್ನನ್ನು ಹೆಚ್ಚು ಹಿಡಿಯಿತು. ಪ್ರಸಂಗಿಯ ಪುಸ್ತಕ ಓದಿದವರಿಗೆ ಅದು ನೆರೆಮನೆಯ ಹಾಡು. ಹುಡುಕುವವನ ಹಾಡಿನಲ್ಲಿ ಕೇಳುವವನಿಗೂ ಜಾಗವಿರುತ್ತದೆ ಎಂದೆ. ಅವ್ವ ಒಪ್ಪಲಿಲ್ಲ. “ಹಸದಾಗ ಹಾಡೂದು ಬ್ಯಾರೆ, ಉಂಡ ಮ್ಯಾಲೆ ಹಾಡೂದು ಬ್ಯಾರೆ. ನಿನಗ ಒಂದ ಸಾಕಾಗಿರಬೇಕು” ಎಂದಳು. ಅವಳ ಪುಸ್ತಕದ ತುಂಬ ಉಂಡವರ ಹಾಡುಗಳೇ ಇದ್ದವು.

ಅವ್ವ 2008ರ ಫೆಬ್ರವರಿಯಲ್ಲಿ ತೀರಿಕೊಂಡಳು. ಸೊಲ್ಲಾಪುರದಲ್ಲಿ ಅಪ್ಪನ ಪಕ್ಕದಲ್ಲೇ ಮಣ್ಣು ಮಾಡಿದೆವು. ಎಲ್ಲವೂ ಮರಾಠಿಯಲ್ಲಿ, ಸಕಲ ಗೌರವದಿಂದ ನಡೆಯಿತು, ದೂರುವಂಥದೇನೂ ಇಲ್ಲ. ನಿಮ್ಮ ಮಲಯಾಳದ ಕಡೆ, ಬಾಸೆಲ್ ಮಿಶನ್ನಿನವರಾಗಿಯೇ ಕಣ್ಣೂರಿಗೆ ಬಂದ ಜರ್ಮನ್ ನಾಗೆಲ್ ಸಾಹೇಬರು ಬರೆದ ‘ಸಮಯಮಾಂ ರಥತ್ತಿಲ್’ ಇಂದಿಗೂ ಶವದ ಮುಂದೆ ಹಾಡುತ್ತಾರೆಂದು ಕೇಳಿದ್ದೇನೆ. ಅಂಥದೊಂದು ಅವ್ವನಿಗೂ ಇತ್ತು. ಅದನ್ನೇ ಹಾಡಬೇಕೆಂದು ಹಲವು ಸಲ ಹೇಳಿದ್ದಳು. ಆದರೆ ಗೋರಿಯ ಸುತ್ತ ನಿಂತವರಲ್ಲಿ ಅದು ಬರುತ್ತಿದ್ದದ್ದು ನನಗೊಬ್ಬನಿಗೆ. ಆರಂಭಿಸಿದೆ. ಮೊದಲ ನುಡಿ ಆಯಿತು, ಎರಡನೆಯದು ಅರ್ಧ ಆಯಿತು. ಮೂರನೆಯದು ಬರಲೇ ಇಲ್ಲ. ಪ್ರತಿ ಭಾನುವಾರ ಅನ್ನ ಬೇಯುವ ವಾಸನೆಯೊಡನೆ ಕೇಳಿದ ಹಾಡು!

ಆಗ ಮಗ ಪೇಟಿ ನೆಲಕ್ಕಿಟ್ಟು ಕುಳಿತ. ಅದನ್ನು ಅವನು ಗಾಡಿಯಲ್ಲಿ ತಂದದ್ದು ನನಗೆ ಗೊತ್ತೇ ಇರಲಿಲ್ಲ. ಆ ರಾಗವನ್ನು ಕೊನೆಯವರೆಗೆ, ನಾಲ್ಕೂ ನುಡಿಯಷ್ಟು, ಮಾತಿಲ್ಲದೆ ನುಡಿಸಿದ. ಮೂರನೆಯ ಸುತ್ತಿಗೆ ಸ್ವರಗಳ ಕೆಳಗೆ ಬೇರೆ ಸ್ವರಗಳನ್ನು ಹೆಣೆದ. ಅವನ ಹಾಡುಗಳಲ್ಲಿ ಕೇಳಿದಂಥದು, ನಮ್ಮ ಹಳೆಯ ಜರ್ಮನ್ ಪುಸ್ತಕಗಳಲ್ಲೂ ಇದ್ದಂಥದು. ಅಕ್ಕಲಕೋಟೆಯ ಆ ಗುರುವಾರ ಅವ್ವ ಕೇಳಿದ ಪ್ರಶ್ನೆ ನೆನಪಾಗಿ ನಾನು ತಲೆ ಎತ್ತಲಿಲ್ಲ.

ಅವಳ ಸಂಗೀತದ ಪುಸ್ತಕ ನನ್ನ ಬಳಿ ಇದೆ. ರಟ್ಟು ಹೋಗಿದೆ, ಆ ಹಾಡು ಇರಬೇಕಾದ ಪುಟ ಇಲ್ಲ. ಬೆಟಗೇರಿಯಲ್ಲಿ ವಿಚಾರಿಸಿದೆ. ಅಲ್ಲಿಯ ಹಿರಿಯರಿಗೂ ಮೊದಲ ನುಡಿಯೇ ನೆನಪು. ಮಂಗಳೂರಿನ ಬಲ್ಮಠದಲ್ಲಿ ಬಾಸೆಲ್ ಮಿಶನ್ನಿನ ಹಳೆಯ ಪುಸ್ತಕಗಳನ್ನು ಕಾಪಾಡಿದ್ದಾರೆ. ಮಳೆಗಾಲ ಕಳೆದ ಮೇಲೆ ಹೋಗಿ ನೋಡಬೇಕೆಂದಿದ್ದೇನೆ. ಅಷ್ಟರೊಳಗೆ ನಿಮ್ಮ ಮನೆಗಳಲ್ಲಿ, ಅಜ್ಜ ಅಜ್ಜಿಯರ ಟ್ರಂಕಿನಲ್ಲಿ ಅಂಥ ಪುಸ್ತಕವೇನಾದರೂ ಇದ್ದರೆ ಸಂಪಾದಕರಿಗೆ ತಿಳಿಸಿ, ಮೊದಲ ನುಡಿಯನ್ನು ನಾನು ಬರೆದು ಕಳಿಸುತ್ತೇನೆ. ಮಗ ಈಗ ಊರು ಬಿಟ್ಟು ದೂರ ಇದ್ದಾನೆ. ಆರಾಧನೆಗೆ ಹೋಗುತ್ತಾನೋ ಇಲ್ಲವೋ ನಾನು ಕೇಳುವುದಿಲ್ಲ. ಭಾನುವಾರ ಫೋನ್ ಮಾಡಿದಾಗ ಅವನು ಮಾತ್ರ ಒಂದನ್ನು ತಪ್ಪದೆ ಕೇಳುತ್ತಾನೆ: “ಅಪ್ಪಾ, ಮೂರನೇ ನುಡಿ ಸಿಕ್ತೇನು?”