ಕನ್ನಂಬಾಡಿಯ ನೀರು, ಕಬ್ಬಿನ ಸಾರ

ಬೃಂದಾವನದ ಕಾರಂಜಿಗಳನ್ನು ಕಂಡು ಹಿಂದಿರುಗುವ ಯಾತ್ರಿಕರು ಬಹುಮಂದಿ. ಆದರೆ ಕನ್ನಂಬಾಡಿ ಕಟ್ಟೆಯ ನಿಜವಾದ ಫಲವನ್ನು ಕಾಣಬಯಸುವವರು ವಿಶ್ವೇಶ್ವರಯ್ಯ ನಾಲೆಯ ಜಾಡು ಹಿಡಿದು, ಪಾಂಡವಪುರದ ಬಯಲನ್ನು ದಾಟಿ, ಮಂಡ್ಯದವರೆಗೆ ಹೋಗಬೇಕು. 1911ರಲ್ಲಿ ಆರಂಭವಾದ ಕಟ್ಟೆಯ ನೀರು ರಾಗಿಯ ಹೊಲಗಳಿಗೆ ಹರಿದ ಮೇಲೆ ಕಬ್ಬು ಬಂದಿತು. ಕಬ್ಬಿನ ಬೆನ್ನಿಗೆ 1933ರಲ್ಲಿ ಮಂಡ್ಯದ ಸಕ್ಕರೆ ಕಾರ್ಖಾನೆಯು ಹುಟ್ಟಿತು. ಮುಂದೆ ಅದರ ಬಳಿಯೇ ಮದ್ಯಸಾರದ ಬಟ್ಟಿಮನೆಯೂ ಎದ್ದಿತು.

ಸಕ್ಕರೆಯು ಹರಳುಗಟ್ಟಿದ ಮೇಲೆ ಉಳಿಯುವ ಕಪ್ಪು ಪಾಕವೇ ಕಾಕಂಬಿ. ಅದಕ್ಕೆ ನೀರನ್ನು ಬೆರೆಸಿ ಯೀಸ್ಟನ್ನು ಹಾಕಿದರೆ ಹುದುಗೇಳುವುದು; ಉಳಿದಿದ್ದ ಸಕ್ಕರೆಯ ಅಂಶವು ಮದ್ಯಸಾರವೂ ಇಂಗಾಲಾಮ್ಲ ವಾಯುವೂ ಆಗಿ ಮಾರ್ಪಡುವುದು. ಹುದುಗೆಬ್ಬಿಸುವ ದ್ರವ್ಯವನ್ನು ಕೌಟಿಲ್ಯನ ಅರ್ಥಶಾಸ್ತ್ರವು ‘ಕಿಣ್ವ’ವೆಂದು ಕರೆದಿದೆ. ಆದುದರಿಂದ ಈ ವಿದ್ಯೆ ಹೊಸತಲ್ಲ, ಉಪಯೋಗ ಹೊಸತು. ಹುದುಗಿದ ರಸವನ್ನು ಬಟ್ಟಿಯಿಳಿಸಿ, ಮಿಕ್ಕ ನೀರಿನಂಶವನ್ನೂ ತೆಗೆದು, ಎಥನಾಲೆಂಬ ಹೆಸರಿನಿಂದ ಪೆಟ್ರೋಲಿಗೆ ಬೆರೆಸುವರು. 2025ರಲ್ಲಿ ಈ ಬೆರಕೆಯು ದೇಶದಲ್ಲಿ ಶೇಕಡ 20ನ್ನು ಮುಟ್ಟಿತು. ಕಾಕಂಬಿ ಸಾಲದೆ ಕಬ್ಬಿನ ಹಾಲು, ಅಕ್ಕಿ, ಮೆಕ್ಕೆಜೋಳಗಳೂ ಇದಕ್ಕೆ ಸಲ್ಲತೊಡಗಿವೆ.

ವಾಚಕರು ವಿಚಾರಮಾಡಬೇಕಾದುದು ಇಲ್ಲಿಯೇ. ಕಬ್ಬು ವರ್ಷವೆಲ್ಲವೂ ನೀರನ್ನು ಬೇಡುವ ಪೈರು. 2023ರಲ್ಲಿ ಮಳೆ ಕೈಕೊಟ್ಟಾಗ ಇದೇ ಕಟ್ಟೆಯ ನೀರಿಗಾಗಿ ಮಂಡ್ಯದ ರೈತರು ಬೀದಿಗಿಳಿದರು. ಅನ್ನವನ್ನೂ ನೀರನ್ನೂ ಕಸಿದು ತಂದ ಇಂಧನವು ಎಂದಿಗೂ ಅಗ್ಗವಾಗದು. ಶೇಷದಿಂದ ಬಂದುದಾದರೆ ಯಾರಿಗೂ ಭಾರವಿಲ್ಲ. ಪಾಣಿಪತ್ತಿನಲ್ಲಿ 2022ರಲ್ಲಿ ಬತ್ತದ ಹುಲ್ಲಿನಿಂದಲೇ ಎಥನಾಲನ್ನು ತೆಗೆಯುವ ಕಾರ್ಖಾನೆ ಏರ್ಪಟ್ಟಿತು. ಆದರೆ ನಮ್ಮ ಸೀಮೆಯಲ್ಲಿ ಹುಲ್ಲು ದನಗಳ ಮೇವು. ಅವು ಮೇದು ಮಿಕ್ಕುದಷ್ಟೇ ಯಂತ್ರದ ಪಾಲಾಗಲಿ.